ಹಳೇ ಪಿಕ್ಚರ್ ಟ್ಯೂಬ್ ಮಾನಿಟರ್ ಬಿಚ್ಚಬೇಕು, ಒಳಗಿನ ಹೈ ವೋಲ್ಟೇಜ್ ಡಿಸ್ಚಾರ್ಜ್ ಮಾಡೋದು ಹೇಗೆ?

ಹಳೇಪಿಸಿ_ಸಾಗರ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 15 ಇಂಚಿನ ಕಲರ್ ಮಾನಿಟರ್ ಒಂದಿದೆ. ಅಪ್ಪನ ಡಿಟಿಪಿ ಅಂಗಡಿಯದ್ದು. ಊರಿನ ಅರ್ಧ ಜನರ ಲಗ್ನಪತ್ರಿಕೆ ಇದರ ಮುಂದೆಯೇ ತಯಾರಾಗಿದೆ. ಅಂಗಡಿ ಮುಚ್ಚಿದ ಮೇಲೆ ಅಟ್ಟ ಸೇರಿತ್ತು. ಈಗ ಒಂದು ಪೆಂಟಿಯಂ ಪಿಸಿ ಸರಿ ಮಾಡಿಕೊಂಡಿದ್ದೇನೆ. ಡಾಸ್ ಗೇಮ್ ಆಡೋದಕ್ಕೆ ಇದೇ ಮಾನಿಟರ್ ಬೇಕು ಅನ್ನೋ ಹುಚ್ಚು.

ಆನ್ ಮಾಡಿದರೆ ಹಸಿರು ಲೈಟ್ ಬರುತ್ತದೆ. ಆದರೆ ಪರದೆಯ ನಡುವೆ ಎಡದಿಂದ ಬಲಕ್ಕೆ ಒಂದೇ ಒಂದು ಬಿಳಿ ಗೆರೆ, ಬೇರೆ ಏನೂ ಇಲ್ಲ. ಇಲ್ಲಿನ ರಿಪೇರಿ ಅಂಗಡಿಯಲ್ಲಿ ಕೇಳಿದರೆ "ಗುಜರಿಗೆ ಹಾಕಿ" ಎಂದರು. ನನಗೆ ಸೋಲ್ಡರಿಂಗ್ ಬರುತ್ತದೆ, ಮೀಟರ್ ಇದೆ. ಆದರೆ ಟ್ಯೂಬಿನಲ್ಲಿ ಇಪ್ಪತ್ತೈದು ಸಾವಿರ ವೋಲ್ಟ್ ಕೂತಿರುತ್ತದೆ ಅಂತ ಓದಿ ಕೈ ಹಾಕೋಕೆ ಧೈರ್ಯ ಬರುತ್ತಿಲ್ಲ. ಒಬ್ಬರು "ಒಂದು ವಾರ ಸುಮ್ನೆ ಬಿಡು, ತಾನೇ ಇಳಿಯುತ್ತದೆ" ಅನ್ನುತ್ತಾರೆ. ಇನ್ನೊಬ್ಬರು "ಸ್ಕ್ರೂಡ್ರೈವರ್‌ಗೆ ವಯರ್ ಕಟ್ಟಿ ಗೋಡೆಯ ಪ್ಲಗ್ಗಿನ ಅರ್ಥ್‌ಗೆ ಕೊಡು" ಅನ್ನುತ್ತಾರೆ. ಅಡುಗೆಮನೆಯ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಸಾಕಾ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಚಿಕ್ಕಪೇಟೆ_ಚಿಪ್

ಬ್ರೋ, ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಎಲ್‌ಸಿಡಿ ಬೇಕಾದಷ್ಟು ಸಿಗುತ್ತವೆ. ಯಾಕೆ ಸುಮ್ನೆ ರಿಸ್ಕ್?

ಹಳೇಪಿಸಿ_ಸಾಗರ

ಎಲ್‌ಸಿಡಿ ಇದೆ ಬ್ರೋ. 320x200 ರೆಸಲ್ಯೂಷನ್ ಅದರಲ್ಲಿ ನೋಡೋಕಾಗಲ್ಲ, ಎಲ್ಲಾ ಮಸುಕು.

ದಾವಣಗೆರೆ_ಟಿವಿ_ಅಂಗಡಿ

ಮೊದಲು ಗೆರೆಯ ವಿಷಯ. ಗೆರೆ ಬರುತ್ತಿದೆ ಅಂದರೆ ಇಎಚ್‌ಟಿ, ಅಂದರೆ ಟ್ಯೂಬಿನ ಆ ಹೈ ವೋಲ್ಟೇಜ್, ಬರುತ್ತಿದೆ. ಅದನ್ನು ತಯಾರಿಸುವ ಟ್ರಾನ್ಸ್‌ಫಾರ್ಮರ್, ಅಂದರೆ ಎಲ್‌ಓಟಿ, ಚೆನ್ನಾಗಿದೆ, ಟ್ಯೂಬಿಗೆ ಜೀವ ಇದೆ. ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ಸೆಕ್ಷನ್ ಮಾತ್ರ ಸತ್ತಿದೆ. ಹೆಚ್ಚಿನ ಸಲ ವರ್ಟಿಕಲ್ ಐಸಿಯ ಕಾಲುಗಳಲ್ಲಿ ಡ್ರೈ ಸೋಲ್ಡರ್ ಇರುತ್ತದೆ. ಆ ಐಸಿ ಹೀಟ್ ಸಿಂಕ್ ಮೇಲೆ ಕೂತು ದಿನಾ ಕಾದು ಆರಿ, ಕಾದು ಆರಿ, ಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಗುಜರಿಗೆ ಹಾಕುವ ಮಾಲು ಅಲ್ಲ ಅದು. ಆದರೆ ಇನ್ನು ಆನ್ ಮಾಡಿ ನೋಡುತ್ತಾ ಕೂರಬೇಡಿ. ಇಡೀ ಪರದೆಗೆ ಹರಡಬೇಕಾದ ಬೀಮ್ ಒಂದೇ ಜಾಗಕ್ಕೆ ಬೀಳುತ್ತಿದೆ. ಪರದೆಯ ಒಳಗೆ ಬೆಳಗುವ ಪುಡಿ, ಅಂದರೆ ಫಾಸ್ಫರ್, ಸುಟ್ಟರೆ ಆ ಗೆರೆ ಮತ್ತೆ ಹೋಗಲ್ಲ.

ಈಗ ಕರೆಂಟಿನ ವಿಷಯ. ಪಿಕ್ಚರ್ ಟ್ಯೂಬ್ ತಾನೇ ಒಂದು ಕಂಡೆನ್ಸರ್, ಅಂದರೆ ಚಾರ್ಜ್ ಹಿಡಿದಿಡುವ ವಸ್ತು. ಗಾಜಿನ ಒಳಗೋಡೆಗೆ ಒಂದು ಲೇಪ, ಹೊರಗೋಡೆಗೆ ಕಪ್ಪು ಗ್ರಾಫೈಟ್ ಲೇಪ, ನಡುವೆ ಗಾಜು. ಒಳಗಿನ ಲೇಪಕ್ಕೆ ಎಲ್‌ಓಟಿಯಿಂದ ಬಂದ ದಪ್ಪ ಕೆಂಪು ವಯರ್ ರಬ್ಬರ್ ಕ್ಯಾಪ್ ಮೂಲಕ ಸೇರುತ್ತದೆ. ಹೊರಗಿನ ಕಪ್ಪು ಲೇಪದ ಮೇಲೆ ಹೆಣೆದ ಬರಿ ತಾಮ್ರದ ತಂತಿಯೊಂದು ಸ್ಪ್ರಿಂಗಿನಿಂದ ಬಿಗಿದು ಕೂತಿರುತ್ತದೆ. ಅದರಿಂದ ಒಂದು ವಯರ್ ಟ್ಯೂಬಿನ ಹಿಂದಿನ ಬೇಸ್ ಬೋರ್ಡಿಗೆ ಹೋಗುತ್ತದೆ. ಕವರ್ ತೆಗೆದ ತಕ್ಷಣ ಮೊದಲು ಹುಡುಕಬೇಕಾದದ್ದು ಆ ಹೆಣೆದ ತಂತಿಯನ್ನು. ಅದನ್ನು ಗುರುತಿಸೋಕಾಗದೇ ಇದ್ದರೆ ಕವರ್ ವಾಪಸ್ ಹಾಕಿ, ಫೋಟೋ ತೆಗೆದು ಇಲ್ಲಿ ಕೇಳಿ.

ಡಿಸ್ಚಾರ್ಜ್ ಅಂದರೆ ಒಳ ಲೇಪವನ್ನೂ ಹೊರ ಲೇಪವನ್ನೂ ಜೋಡಿಸೋದು, ಅಷ್ಟೇ. ಭೂಮಿಗೆ ಕಳಿಸೋದು ಅಲ್ಲ. ಹಾಗಾಗಿ ಗೋಡೆಯ ಅರ್ಥ್‌ಗೆ ಕೊಡಿ ಅಂದವರ ಮಾತು ಬಿಟ್ಟುಬಿಡಿ. ಮಾನಿಟರಿನ ಪ್ಲಗ್ ಕಿತ್ತಿರುತ್ತೀರಿ. ಆಗ ಗೋಡೆಯ ಅರ್ಥ್‌ಗೂ ನಿಮ್ಮ ಟ್ಯೂಬಿನ ಹೊರಲೇಪಕ್ಕೂ ಸಂಬಂಧವೇ ಇಲ್ಲ.

ಒಂದು ವಾರ ಬಿಟ್ಟರೆ ಇಳಿಯಬಹುದು. ಇಷ್ಟು ಹೊಸ ಮಾನಿಟರುಗಳ ಎಲ್‌ಓಟಿ ಒಳಗೆ ಫೋಕಸ್‌ಗೆಂದು ರೆಸಿಸ್ಟರ್ ಸರಪಳಿ ಇರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೆ ಚಾರ್ಜ್ ಅದರ ಮೂಲಕ ಹರಿದು ಹೋಗುತ್ತದೆ. ಆದರೆ ಆ ರೆಸಿಸ್ಟರ್ ಕಟ್ ಆಗಿದ್ದರೆ? ಹೊರಗಿನಿಂದ ಕಾಣಲ್ಲ. ಹಾಗಾಗಿ ಎಷ್ಟು ದಿನ ಬಿಟ್ಟಿದ್ದರೂ ಡಿಸ್ಚಾರ್ಜ್ ಮಾಡಿಯೇ ಕೈ ಹಾಕೋದು.

ಗ್ಲೌಸ್ ಬೇಡ. ಅಡುಗೆಮನೆಯ ಗ್ಲೌಸಿನಲ್ಲಿ ಸೂಜಿ ಮೊನೆಯಷ್ಟು ತೂತು ಇದ್ದರೂ 25 ಸಾವಿರ ವೋಲ್ಟಿಗೆ ಅದು ಹೆದ್ದಾರಿ. ಬರೋದು ಸುಳ್ಳು ಧೈರ್ಯ ಮಾತ್ರ, ಮೇಲಿಂದ ಕೈ ಜಾರುತ್ತದೆ.

ಬೇಕಾದದ್ದು ಇಷ್ಟು. ಉದ್ದ ಕಡ್ಡಿಯ, ಪ್ಲಾಸ್ಟಿಕ್ ಹಿಡಿಕೆಯ ಚಪ್ಪಟೆ ಸ್ಕ್ರೂಡ್ರೈವರ್. ಟೆಸ್ಟರ್ ಅಲ್ಲ. ಟೆಸ್ಟರ್ ಹಿಡಿಕೆಯ ತುದಿಯಲ್ಲಿ ಲೋಹ ಇರುತ್ತದೆ, ಅದನ್ನು ಕೈಯಲ್ಲೇ ಹಿಡಿಯಬೇಡಿ. ಒಂದು ಮೀಟರ್ ಉದ್ದದ ದಪ್ಪ ವಯರ್, ಎರಡು ಕಡೆ ಕ್ರೊಕೊಡೈಲ್ ಕ್ಲಿಪ್. ಪೇಟೆಯಲ್ಲಿ ಸಿಗುವ ಬಣ್ಣಬಣ್ಣದ ಕ್ಲಿಪ್ ವಯರ್ ನಂಬಬೇಡಿ. ಎಷ್ಟೋ ಸಲ ಹೊದಿಕೆಯೊಳಗೆ ವಯರ್ ತುಂಡಾಗಿದ್ದು ಮೇಲೆ ಗೊತ್ತೇ ಆಗಲ್ಲ. ನೀವೇ ಸೋಲ್ಡರ್ ಮಾಡಿ, ಮೀಟರ್ ಬೀಪ್‌ನಲ್ಲಿ ಇಟ್ಟು ವಯರ್ ಎಳೆದಾಡಿ ನೋಡಿ.

ಕೆಲವರು ಸ್ಕ್ರೂಡ್ರೈವರ್ ಹಿಡಿಕೆ ಮೇಲೆ 1000 ವೋಲ್ಟ್ ಅಂತ ಬರೆದಿದೆ, ಏನೂ ಆಗಲ್ಲ ಅನ್ನುತ್ತಾರೆ. 25 ಸಾವಿರದ ಮುಂದೆ ಒಂದು ಸಾವಿರದ ಲೆಕ್ಕ ಏನು? ನಿಮ್ಮನ್ನು ಕಾಯೋದು ಆ ವಯರ್. ಕಡ್ಡಿ ಮೊದಲೇ ಹೊರಲೇಪಕ್ಕೆ ಸೇರಿದ್ದರೆ ಅದರ ಮೇಲೆ ವೋಲ್ಟೇಜ್ ಏರೋದಕ್ಕೆ ಜಾಗವೇ ಇಲ್ಲ. ಆದ್ದರಿಂದ ಕ್ರಮ ತಪ್ಪಬಾರದು: ಮೊದಲು ಕ್ಲಿಪ್, ಆಮೇಲೆ ಮೊನೆ.

ಮಾಡುವ ರೀತಿ ಹೀಗೆ. ಪ್ಲಗ್ ಕಿತ್ತು ನಿಮ್ಮ ಕಣ್ಣಿಗೆ ಕಾಣುವ ಜಾಗದಲ್ಲಿ, ಮಾನಿಟರಿನ ಪಕ್ಕದಲ್ಲೇ ಇಟ್ಟುಕೊಳ್ಳಿ. ವಿಜಿಎ ಕೇಬಲ್ ಕೂಡ ಪಿಸಿಯಿಂದ ತೆಗೆಯಿರಿ. ಮರದ ಮೇಜಿನ ಮೇಲೆ ಕಂಬಳಿ ಹಾಸಿ, ಪರದೆ ಕೆಳಗೆ ಮಾಡಿ ಮಲಗಿಸಿದರೆ ಕವರ್ ಸಲೀಸಾಗಿ ಬರುತ್ತದೆ. ಕವರ್ ಮೇಲೆತ್ತುವಾಗ ನಿಧಾನ, ಟ್ಯೂಬಿನ ಕುತ್ತಿಗೆಗೆ ತಾಗಬಾರದು. ಉಂಗುರ, ಕಡಗ, ವಾಚು, ಕೊರಳಿನ ಸರ ಎಲ್ಲ ಬಿಚ್ಚಿಡಿ. ನಿಮ್ಮ ಕಡೆ ಮಳೆಗಾಲದಲ್ಲಿ ನೆಲ ಒಸರುತ್ತದೆ ಅಲ್ವಾ, ಕಾಲ ಕೆಳಗೆ ಒಣ ಮಣೆ ಇರಲಿ. ಮನೆಯಲ್ಲಿ ಇನ್ನೊಬ್ಬರು ಇರುವಾಗಲೇ ಮಾಡಿ. ಕಣ್ಣಿಗೆ ಕನ್ನಡಕ ಕಡ್ಡಾಯ.

ವಯರಿನ ಒಂದು ಕ್ಲಿಪ್ ಹೆಣೆದ ತಂತಿಗೆ, ಇನ್ನೊಂದು ಸ್ಕ್ರೂಡ್ರೈವರ್ ಕಡ್ಡಿಗೆ. ಎರಡನ್ನೂ ಮೆಲ್ಲಗೆ ಎಳೆದು ನೋಡಿ, ಕಳಚಬಾರದು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಿ ಅಥವಾ ಜೇಬಿಗೆ ಹಾಕಿ. ಒಂದು ಕೈಯಿಂದ ಇನ್ನೊಂದು ಕೈಗೆ ಕರೆಂಟ್ ಹೋದರೆ ಎದೆ ದಾಟಿಯೇ ಹೋಗಬೇಕು, ಅದಕ್ಕೆ. ಬಲಗೈಯಲ್ಲಿ ಹಿಡಿಕೆಯ ತೀರಾ ಹಿಂಭಾಗ ಹಿಡಿದು, ಮೊನೆಯನ್ನು ರಬ್ಬರ್ ಕ್ಯಾಪಿನ ಅಂಚಿನ ಕೆಳಗೆ ಗಾಜಿಗೆ ಒರಗಿಸಿ ನಿಧಾನಕ್ಕೆ ಜಾರಿಸಿ. ಮೀಟಬೇಡಿ, ಗಾಜಿಗೆ ಗೀರು ಬೀಳುತ್ತದೆ. ನಡುಮಧ್ಯೆ ಲೋಹದ ಕೊಕ್ಕೆಗೆ ಮೊನೆ ತಾಗಿದರೆ ಕೈಗೆ ಕರಕರ ಅಂತ ಗೊತ್ತಾಗುತ್ತದೆ. ಚಾರ್ಜ್ ಇದ್ದರೆ ತಾಗುವ ಮೊದಲೇ "ಚಟ್" ಅನ್ನುತ್ತದೆ. ಏನೂ ಸದ್ದು ಬರಲಿಲ್ಲ ಅಂದರೆ ಎರಡೇ ಅರ್ಥ: ಚಾರ್ಜ್ ಮೊದಲೇ ಇಳಿದಿದೆ, ಇಲ್ಲವೇ ಮೊನೆ ಲೋಹಕ್ಕೆ ತಾಗಿಲ್ಲ. ಕರಕರ ಅನ್ನೋವರೆಗೆ ಬಿಡಬೇಡಿ. ತಾಗಿದ ಮೇಲೆ ಹತ್ತು ಸೆಕೆಂಡ್ ಹಾಗೇ ಹಿಡಿಯಿರಿ.

ಮುಗಿಯಿತು ಅಂದುಕೊಳ್ಳಬೇಡಿ. ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ ಮಾಡಿ. ಒದ್ದೆ ಗೋಡೆಯನ್ನು ಎಷ್ಟು ಒರೆಸಿದರೂ ಸ್ವಲ್ಪ ಹೊತ್ತಿಗೆ ತೇವ ಮತ್ತೆ ಮೇಲೆ ಬರುತ್ತದಲ್ಲ, ಗಾಜಿನೊಳಗೆ ಇಳಿದ ಚಾರ್ಜೂ ಹಾಗೇ ವಾಪಸ್ ಬರುತ್ತದೆ. ಎರಡನೇ ಸಲ ಸಣ್ಣ "ಟಿಕ್" ಕೇಳಿದರೆ ಅದೇ.

ನಿಮ್ಮ ಕೆಲಸಕ್ಕೆ ಕ್ಯಾಪ್ ತೆಗೆಯೋ ಅಗತ್ಯ ಬರಲಿಕ್ಕಿಲ್ಲ. ಕೆಂಪು ವಯರ್ ಉದ್ದ ಇರುತ್ತದೆ, ಬೋರ್ಡ್ ಪಕ್ಕಕ್ಕೆ ಹೊರಳಿಸಿದರೆ ಅಡಿಭಾಗ ಸಿಗುತ್ತದೆ. ತೆಗೆಯದೇ ಆಗುವ ಕೆಲಸಕ್ಕೆ ತೆಗೆಯಬೇಡಿ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು. ಎಲ್ಲರೂ ಟ್ಯೂಬಿಗೆ ಹೆದರುತ್ತಾರೆ. ನಾನು ಹೆದರೋದು ಪವರ್ ಸಪ್ಲೈನಲ್ಲಿ ನಿಂತಿರುವ ಆ ದಪ್ಪ ಕಂಡೆನ್ಸರ್‌ಗೆ. 400 ಅಥವಾ 450 ವೋಲ್ಟ್ ಅಂತ ಬರೆದಿರುತ್ತದೆ. ಮನೆಯ 230 ವೋಲ್ಟ್ ಎಸಿ, ಅದನ್ನು ಡಿಸಿ ಮಾಡುವ ಬ್ರಿಡ್ಜ್ ದಾಟಿ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂರುತ್ತದೆ. ಪವರ್ ಸಪ್ಲೈ ಕೆಲಸ ಮಾಡುತ್ತಿದ್ದರೆ ಆಫ್ ಮಾಡಿದಾಗ ಬಹುಪಾಲು ಅದೇ ತಿಂದು ಮುಗಿಸುತ್ತದೆ. ಪವರ್ ಸಪ್ಲೈ ಸತ್ತ ಮಾನಿಟರಿನಲ್ಲಿ ಮಾತ್ರ ತಿನ್ನೋರು ಯಾರೂ ಇಲ್ಲ, ಪೂರ್ತಿ ಹಾಗೇ ಇರುತ್ತದೆ. ಬೋರ್ಡ್ ಎತ್ತೋಕೆ ಹೋದವರ ಬೆರಳು ಸರಿಯಾಗಿ ಅದರ ಎರಡು ಕಾಲಿನ ಮೇಲೇ ಬೀಳುತ್ತದೆ.

ಅದನ್ನು ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಬೇಡಿ. ಢಂ ಅಂದು ಮೊನೆ ಕರಗುತ್ತದೆ, ಟ್ರ್ಯಾಕ್ ಹಾರುತ್ತದೆ. 2.2 ಕೆ (2200 ಓಮ್), 10 ವಾಟಿನ ಬಿಳಿ ಸಿರಾಮಿಕ್ ರೆಸಿಸ್ಟರ್ ತಗೊಳ್ಳಿ. ಎರಡೂ ಕಾಲಿಗೆ ವಯರ್ ಸೋಲ್ಡರ್ ಮಾಡಿ ಸ್ಲೀವ್ ಹಾಕಿ, ತುದಿಗೆ ಹಳೇ ಮೀಟರಿನ ಪ್ರೋಬ್ ಕೊಡಿ. ಕಂಡೆನ್ಸರಿನ ಎರಡು ಕಾಲಿಗೆ ಐದು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರನ್ನು ಡಿಸಿ 1000 ವೋಲ್ಟ್ ರೇಂಜಿಗೆ ಹಾಕಿ ನೋಡಿ. ಹತ್ತು ವೋಲ್ಟಿಗಿಂತ ಕೆಳಗೆ ಬಂದಿದ್ದರೆ ಕೈ ಹಾಕಬಹುದು. ರೆಸಿಸ್ಟರ್ ಸಿಗದಿದ್ದರೆ ಹೋಲ್ಡರಿನಲ್ಲಿ 60 ವಾಟಿನ ಹಳೇ ಬಲ್ಬ್ ನಡೆಯುತ್ತದೆ, ಎಲ್‌ಇಡಿ ಬಲ್ಬ್ ಅಲ್ಲ. ಒಮ್ಮೆ ಬೆಳಗಿ ಆರುತ್ತದೆ.

ಹಾಂ, ಮೀಟರ್ ಅಂದೆ ಅಂತ ಅದೇ ಮೀಟರಿನ ಪ್ರೋಬನ್ನು ರಬ್ಬರ್ ಕ್ಯಾಪ್ ಒಳಗೆ ತೂರಿಸಬೇಡಿ. ಮೀಟರೂ ಹೋಗುತ್ತದೆ, ಹಿಡಿದವನಿಗೂ ಬೀಳುತ್ತದೆ. ಅದಕ್ಕೆ ಬೇರೆಯೇ ಇಎಚ್‌ಟಿ ಪ್ರೋಬ್ ಇದೆ.

ಗದಗ_ರೇಡಿಯೋ

ಇಷ್ಟೆಲ್ಲ ಯಾಕ್ ರೀ? ನಾವು ಬಿಇಎಲ್ ಬ್ಲಾಕ್ ಅಂಡ್ ವೈಟ್ ಟ್ಯೂಬಿನ ಕಾಲದಿಂದ ಬರಿ ಸ್ಕ್ರೂಡ್ರೈವರನ್ನ ಚಾಸಿಗೆ ಆನಿಸಿ ಮೊನೆ ಕ್ಯಾಪಿನೊಳಗೆ ತೂರಿಸಿ ಚಟ್ ಅನ್ನಿಸಿದವರು. ವಯರೂ ಇಲ್ಲ, ಕ್ಲಿಪ್ಪೂ ಇಲ್ಲ. ಹುಡುಗರನ್ನ ಸುಮ್ನೆ ಹೆದರಿಸಬೇಡಿ.

ಫಿಸಿಕ್ಸ್_ಹಾಸನ

ದಾವಣಗೆರೆಯವರ ಮಾತಿಗೆ ಲೆಕ್ಕ ಸೇರಿಸುತ್ತೇನೆ. ಕಂಡೆನ್ಸರಿನಲ್ಲಿರುವ ಶಕ್ತಿ ಅಂದರೆ ಅರ್ಧ ಗುಣಿಸು ಸಿ ಗುಣಿಸು ವಿ ವರ್ಗ. ಈ ಗಾತ್ರದ ಟ್ಯೂಬಿಗೆ ಸುಮಾರು 1500 ಪಿಕೋಫ್ಯಾರಡ್ ಹಿಡಿಯೋಣ. 25 ಸಾವಿರ ವೋಲ್ಟಿಗೆ 0.47 ಜೂಲ್ ಬರುತ್ತದೆ. ಪವರ್ ಸಪ್ಲೈನ ಕಂಡೆನ್ಸರ್ 150 ಮೈಕ್ರೋಫ್ಯಾರಡ್ ಅಂದುಕೊಳ್ಳಿ. 325 ವೋಲ್ಟಿಗೆ ಸುಮಾರು 8 ಜೂಲ್. ಹದಿನೇಳು ಪಟ್ಟು ಜಾಸ್ತಿ. ಹಾಗಂತ ಅರ್ಧ ಜೂಲ್ ನಿರುಪದ್ರವಿ ಅಂತ ಅರ್ಥ ಅಲ್ಲ, ಹೃದಯದ ತೊಂದರೆ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದ ಹತ್ತಿರವೂ ಬರಬಾರದು.

ಇಎಚ್‌ಟಿ ಪ್ರೋಬ್ ಎಂದರಲ್ಲ, ಅದರೊಳಗೆ ಸಾಮಾನ್ಯವಾಗಿ 1000 ಮೆಗಾ ಓಮ್ ಇರುತ್ತದೆ. ಅದರ ಕ್ಲಿಪ್ ಮೊದಲು ಹೆಣೆದ ತಂತಿಗೆ ಹಾಕಿ ಮೊನೆ ತಾಗಿಸಿದರೆ ವೋಲ್ಟೇಜ್ ಇಳಿಯುವುದನ್ನು ಕಣ್ಣಾರೆ ನೋಡಬಹುದು. ಹತ್ತು ಸೆಕೆಂಡಿನೊಳಗೆ ಬಹುತೇಕ ಖಾಲಿ. ಚಟ್ ಅನ್ನೋದೂ ಇಲ್ಲ. ನಮ್ಮ ಲ್ಯಾಬಿನಲ್ಲಿ ಇದನ್ನೇ ಬಳಸುತ್ತೇವೆ. ದಯವಿಟ್ಟು ಯಾರೂ ಬದಲಿಗೆ ಒಂದು ಮಾಮೂಲಿ ಕಾಲು ವಾಟಿನ ರೆಸಿಸ್ಟರ್ ಕಟ್ಟಿ ಪ್ರಯೋಗ ಮಾಡಬೇಡಿ. ಅದು ತಡೆಯುವುದು ಕೆಲವು ನೂರು ವೋಲ್ಟ್ ಅಷ್ಟೇ, ಕಿಡಿ ಅದರ ಮೈಮೇಲಿಂದಲೇ ಹಾರುತ್ತದೆ.

ದಾವಣಗೆರೆ_ಟಿವಿ_ಅಂಗಡಿ

ಗದಗದ ಅಣ್ಣಾವ್ರಿಗೆ ನಮಸ್ಕಾರ. ನೀವು ಹೇಳೋದು ಆ ಕಾಲಕ್ಕೆ ನಡೆಯಿತು. 14 ಇಂಚಿನ ಬ್ಲಾಕ್ ಅಂಡ್ ವೈಟಿಗೆ ಇದ್ದದ್ದು 11, 12 ಸಾವಿರ ವೋಲ್ಟ್. ಚಾಸಿ ಅಂದರೆ ಕಬ್ಬಿಣದ ಚೌಕಟ್ಟು. ಈ ಮಾನಿಟರಿನಲ್ಲಿ ಚಾಸಿ ಅಂತ ಯಾವುದನ್ನು ಹಿಡಿಯುತ್ತೀರಿ? ಕಣ್ಣಿಗೆ ಬೀಳೋದು ಹೀಟ್ ಸಿಂಕ್. ಪವರ್ ಸಪ್ಲೈ ಕಡೆಯ ಹೀಟ್ ಸಿಂಕ್ ಕರೆಂಟಿನ ಕಡೆ ಸೇರಿದ್ದು, ಟ್ಯೂಬಿನ ಗ್ರೌಂಡಿಗೆ ಅದಕ್ಕೆ ನೇರ ಸಂಬಂಧ ಇಲ್ಲ. ಅಲ್ಲಿಗೆ ಆನಿಸಿದರೆ ಕಿಡಿ ತನಗೆ ಬೇಕಾದ ದಾರಿ ಹುಡುಕಿಕೊಂಡು ಹೋಗುತ್ತದೆ. ವಿಡಿಯೋ ಕಡೆಯ ಗ್ರೌಂಡಿಗೆ ಆನಿಸಿದರೂ ಅಷ್ಟೂ ಕರೆಂಟ್ ಬೋರ್ಡಿನ ಸಣ್ಣ ಟ್ರ್ಯಾಕ್ ಮೂಲಕ ಓಡಿ ವಾಪಸ್ ಹೊರಲೇಪಕ್ಕೆ ಬರಬೇಕು. ದಾರಿಯಲ್ಲಿ ಮೈಕ್ರೋ ಐಸಿ ಇದೆ, ಮೆಮೊರಿ ಐಸಿ ಇದೆ. ಡಿಸ್ಚಾರ್ಜ್ ಆಯಿತು ಅಂತ ಖುಷಿಪಟ್ಟು, ಆಮೇಲೆ ಲೈಟೇ ಬರದ ಮಾನಿಟರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೆಣೆದ ತಂತಿಗೇ ಕೊಟ್ಟರೆ ಟ್ಯೂಬಿನಿಂದ ಹೊರಟದ್ದು ಟ್ಯೂಬಿಗೇ ಹೋಗುತ್ತದೆ, ಬೋರ್ಡಿಗೆ ಸುದ್ದಿಯೇ ಇಲ್ಲ.

ಶಾಕ್ ಒಂದೇ ಅಪಾಯ ಅಲ್ಲ ಅನ್ನೋದಕ್ಕೆ ಒಂದು ಘಟನೆ. ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗನಿಗೆ 21 ಇಂಚಿನ ಟಿವಿಯಲ್ಲಿ ಹೊಡೆಯಿತು. ಡಿಸ್ಚಾರ್ಜ್ ಮಾಡಿ ಟೀ ಕುಡಿಯೋಕೆ ಹೋಗಿ ಬಂದಿದ್ದ, ಎರಡನೇ ಸಲ ಮಾಡಲಿಲ್ಲ. ಉಳಿದ ಚಾರ್ಜ್ ಸಣ್ಣದೇ, ಅವನಿಗೇನೂ ಆಗಲಿಲ್ಲ. ಆದರೆ ಬೆಚ್ಚಿ ಕೈ ಎಳೆದುಕೊಂಡ ರಭಸಕ್ಕೆ ಮೊಣಕೈ ಬೇಸ್ ಬೋರ್ಡಿಗೆ ಬಡಿಯಿತು. ಟ್ಯೂಬಿನ ಕುತ್ತಿಗೆ ಲಟಕ್ ಅಂತ ಮುರಿದು, ಸುಯ್ ಅಂತ ಗಾಳಿ ಒಳಗೆ ಹೋಯಿತು. ಗಿರಾಕಿಗೆ ಬೇರೆ ಟ್ಯೂಬ್ ನಾವೇ ಹಾಕಿಕೊಟ್ಟೆವು. ಕುತ್ತಿಗೆ ಮುರಿದದ್ದಕ್ಕೆ ಅಷ್ಟರಲ್ಲೇ ಹೋಯಿತು. ಹಿಂಭಾಗದ ಆಲಿಕೆಗೆ ಏಟು ಬಿದ್ದು ಗಾಜು ಒಡೆದಿದ್ದರೆ ಚೂರು ಮುಖಕ್ಕೇ ಬರುತ್ತದೆ. ಕನ್ನಡಕ ಕಡ್ಡಾಯ ಅಂದದ್ದು ಅದಕ್ಕೇ.

ಟ್ಯೂಬನ್ನು ಪೂರ್ತಿ ಬೇರೆ ತೆಗೆದು ಇಡುವವರು ಇದ್ದರೆ, ಕ್ಯಾಪ್ ತೆಗೆದ ಗುಂಡಿಗೂ ಹೊರಲೇಪಕ್ಕೂ ಒಂದು ವಯರ್ ಸಿಕ್ಕಿಸಿಯೇ ಇಡಿ. ಎತ್ತುವಾಗ ಪರದೆ ಎದೆಗೆ ಬರಲಿ, ಕುತ್ತಿಗೆ ಹಿಡಿದು ಎತ್ತಬೇಡಿ.

ಗದಗ_ರೇಡಿಯೋ

ಹೀಟ್ ಸಿಂಕ್ ಮಾತು ಒಪ್ಪಿದೆ. ಟಿವಿಯಲ್ಲಿ ನಾವು ಟ್ಯೂನರ್ ಡಬ್ಬಿ ಹಿಡೀತಿದ್ವಿ, ಮಾನಿಟರಿನಲ್ಲಿ ಅದೇ ಇಲ್ಲ ನೋಡ್ರಿ.

ಹಳೇಪಿಸಿ_ಸಾಗರ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದೆ. ಹೆಣೆದ ತಂತಿ ತಕ್ಷಣ ಸಿಕ್ಕಿತು, ಧೂಳಿನಲ್ಲಿ ಹಗ್ಗ ಅಂದುಕೊಳ್ಳುವಷ್ಟು ಕಪ್ಪಾಗಿತ್ತು. ಕ್ಲಿಪ್ ಹಾಕುವ ಜಾಗವನ್ನು ಬ್ರಷ್‌ನಿಂದ ಉಜ್ಜಿ, ಬೀಪ್ ನೋಡಿ ಹಾಕಿದೆ. ಮೊನೆ ತಾಗಿದಾಗ ಸದ್ದೇ ಇಲ್ಲ, ಕರಕರ ಮಾತ್ರ. ಎರಡನೇ ಸಲವೂ ಅಷ್ಟೇ. ಪವರ್ ಸಪ್ಲೈನ ಕಂಡೆನ್ಸರ್ ಮಾತ್ರ ಪ್ಲಗ್ ಕಿತ್ತು ಅರ್ಧ ಗಂಟೆ ಆಗಿದ್ದರೂ 84 ವೋಲ್ಟ್ ತೋರಿಸಿತು! ರೆಸಿಸ್ಟರ್ ಹಿಡಿದ ಮೇಲೆ 2 ವೋಲ್ಟಿಗೆ ಬಂತು.

ವರ್ಟಿಕಲ್ ಐಸಿಯ ಎರಡು ಕಾಲಿನ ಸುತ್ತ ಬಿರುಕು ಟಾರ್ಚ್ ಬೆಳಕಿನಲ್ಲಿ ಸರಿಯಾಗಿ ಕಾಣಿಸಿತು. ಹಳೇ ಸೋಲ್ಡರ್ ತೆಗೆದು ಎಲ್ಲಾ ಕಾಲಿಗೂ ಹೊಸದು ಹಾಕಿದೆ. ಕವರ್ ಹಾಕಿ ಆನ್ ಮಾಡಿದರೆ ಪೂರ್ತಿ ಪಿಕ್ಚರ್ ಬಂತು. ಎರಡು ಡೌಟು. ಒಂದು, ಬಲಗಡೆ ಮೇಲಿನ ಮೂಲೆಯಲ್ಲಿ ನೇರಳೆ ಕಲೆ ಇದೆ. ಟ್ಯೂಬ್ ಹೋಯಿತಾ? ಎರಡು, ಎಲ್‌ಓಟಿ ಮೇಲೆ ಎರಡು ತಿರುಗಣೆ ಇವೆ. ಅಕ್ಷರ ಸ್ವಲ್ಪ ಮಂಜು, ಅದನ್ನು ತಿರುಗಿಸಬಹುದಾ?

ಫಿಸಿಕ್ಸ್_ಹಾಸನ

84 ವೋಲ್ಟ್ ನೋಡಿ ಸಂತೋಷವಾಯಿತು, ಮುಂದಿನ ಬ್ಯಾಚಿಗೆ ಉದಾಹರಣೆ ಸಿಕ್ಕಿತು. ಇನ್ನೊಂದು ಮಾತು: ಮುಂದೆ ಎಂದಾದರೂ ಇದು ಪೂರ್ತಿ ಕೆಟ್ಟರೆ ಗುಜರಿಯವರಿಗೆ ಕೊಡಬೇಡಿ. ಕುತ್ತಿಗೆಯ ಸುತ್ತ ಇರುವ ತಾಮ್ರದ ಸುರುಳಿಯ (ಯೋಕ್) ಆಸೆಗೆ ಟ್ಯೂಬ್ ಒಡೆಯುತ್ತಾರೆ. ಹಿಂಭಾಗದ ಗಾಜಿನಲ್ಲಿ ಸೀಸ ಇದೆ, ಪರದೆಯ ಒಳಗಿನ ಪುಡಿಯೂ ಮೂಗಿಗೆ ಹೋಗಬಾರದು. ಇ-ತ್ಯಾಜ್ಯದ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ರೀಸೈಕ್ಲಿಂಗ್‌ನವರಿಗೇ ತಲುಪಿಸಿ.

ದಾವಣಗೆರೆ_ಟಿವಿ_ಅಂಗಡಿ

ಶಭಾಷ್. ಟ್ಯೂಬಿಗೆ ಏನೂ ಆಗಿಲ್ಲ. ನೇರಳೆ ಕಲೆ ಅಂದರೆ ಒಳಗಿನ ತಗಡಿಗೆ ಅಯಸ್ಕಾಂತ ಹಿಡಿದಿದೆ. ಪಕ್ಕದಲ್ಲಿ ಸ್ಪೀಕರ್ ಇದ್ದರೆ ದೂರ ಇಡಿ. ಮಾನಿಟರ್ ಪೂರ್ತಿ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಆನ್ ಮಾಡಿ. ಆ ಅಯಸ್ಕಾಂತ ಕಳೆಯುವ ಸುರುಳಿಗೆ (ಡಿಗಾಸ್ ಕಾಯಿಲ್) ಕರೆಂಟ್ ಕೊಡುವ ಪಾಸಿಸ್ಟರ್ ಅನ್ನೋ ಬಿಡಿಭಾಗ ತಣ್ಣಗಾದರೆ ಮಾತ್ರ ಅದು ಮತ್ತೆ ಪೂರ್ತಿ ಬಲದಿಂದ ಕೆಲಸ ಮಾಡುತ್ತದೆ. ಸುಮ್ನೆ ಆನ್ ಆಫ್, ಆನ್ ಆಫ್ ಮಾಡಿದರೆ ಪ್ರಯೋಜನ ಇಲ್ಲ. ಇದೇ ರೀತಿ ಎರಡು ಮೂರು ಸಲ ಮಾಡಿದರೆ ಹೋಗಬೇಕು. ಮೆನುವಿನಲ್ಲಿ ಡಿಗಾಸ್ ಇದ್ದರೆ ಅದನ್ನೂ ಬಳಸಿ, ಅದಕ್ಕೂ ಅದೇ ಅರ್ಧ ಗಂಟೆಯ ಲೆಕ್ಕ.

ತಿರುಗಣೆಯಲ್ಲಿ ಮೇಲಿನದು ಹೆಚ್ಚಾಗಿ ಫೋಕಸ್, ಕೆಳಗಿನದು ಸ್ಕ್ರೀನ್. ಪಕ್ಕದಲ್ಲೇ ಅಚ್ಚಾಗಿರುತ್ತದೆ, ಓದಿ ನೋಡಿ. ಸ್ಕ್ರೀನ್ ಮುಟ್ಟಬೇಡಿ. ಅದನ್ನು ಏರಿಸಿದರೆ ಕಪ್ಪು ಹಿನ್ನೆಲೆ ಬೂದಿ ಬಣ್ಣ ಆಗಿ ಓರೆ ಗೆರೆಗಳು ಕಾಣುತ್ತವೆ. ಫೋಕಸ್ ತಿರುಗಿಸೋದು ಮಾನಿಟರ್ ಆನ್ ಇರುವಾಗ ಆಗಬೇಕಾದ ಕೆಲಸ, ಅಲ್ಲಿ ಐದಾರು ಸಾವಿರ ವೋಲ್ಟ್ ಓಡಾಡುತ್ತಿರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಕವರಿನಲ್ಲೇ ಅದಕ್ಕೆ ತೂತು ಇರುತ್ತದೆ. ಇದ್ದರೆ ಪೂರ್ತಿ ಪ್ಲಾಸ್ಟಿಕ್‌ನ ಅಲೈನ್‌ಮೆಂಟ್ ಡ್ರೈವರ್ ಹಾಕಿ ಕೂದಲೆಳೆಯಷ್ಟು ತಿರುಗಿಸಿ. ಇಲ್ಲದಿದ್ದರೆ ಮೊದಲು ಒಂದು ಗಂಟೆ ಓಡಿಸಿ ನೋಡಿ. ಅಟ್ಟದಲ್ಲಿದ್ದ ಟ್ಯೂಬ್, ಬೇಸ್ ಸಾಕೆಟ್ಟಿನಲ್ಲಿ ತೇವ ಕೂತಿರುತ್ತದೆ. ಬಿಸಿಗೆ ಒಣಗಿ ಅಕ್ಷರ ತಾನೇ ಚೂಪಾಗೋದು ಜಾಸ್ತಿ.